ಮೊದಲು ಹುಟ್ಟಿದ ತಾರೀಖು, ಆಮೇಲೆ ಪಾಯಿಂಟ್: ಕಾಲೇಜ್ ಐಸ್ ಹಾಕಿಗೆ ಬರುವ ಹುಡುಗರನ್ನು ಹೋಲಿಸುವುದು ಹೇಗೆ

ನಮ್ಮ ಕಡೆ ಹಾಕಿ ಅಂದ್ರೆ ಕೊಡಗು, ಮೈದಾನ, ಬೇಸಿಗೆ ರಜೆಯ ಬಿಸಿಲು. ನಾನೀಗ ಇರುವ ಕಡೆ ಹಾಕಿ ಅಂದ್ರೆ ಮಂಜುಗಡ್ಡೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗ, ಆಮ್ಹರ್ಸ್ಟ್‌ಗೆ ಅರ್ಧ ಗಂಟೆ ದಾರಿ. ಚಳಿಗಾಲದ ಶುಕ್ರವಾರ, ಶನಿವಾರ ಮುಲ್ಲಿನ್ಸ್ ಸೆಂಟರ್‌ನಲ್ಲಿ ಯುಮ್ಯಾಸ್ (ಮ್ಯಾಸಚೂಸೆಟ್ಸ್ ಯೂನಿವರ್ಸಿಟಿ) ಟೀಮಿನ ಆಟ ಇದ್ದರೆ ನಾನು ಅಲ್ಲೇ ಇರುತ್ತೇನೆ. ಇಲ್ಲಿನ ಕನ್ನಡದ ಗೆಳೆಯರು ಕೆಲವರಿಗೂ ಈ ಹುಚ್ಚು ಹತ್ತಿದೆ, ಒಬ್ಬಿಬ್ಬರ ಮಕ್ಕಳು ಐದನೇ ವರ್ಷಕ್ಕೇ ಸ್ಕೇಟ್ ಕಟ್ಟಿದವರು.

ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಟೀಮಿಗೆ ಸೇರುವ ಹುಡುಗರ ಪಟ್ಟಿ ಬರುತ್ತದೆ. ಪಟ್ಟಿ ಬಂದ ಅರ್ಧ ಗಂಟೆಯಲ್ಲಿ ಫೋನಿಗೆ ಮೆಸೇಜು ಶುರು. "ಇವನು 75 ಪಾಯಿಂಟ್ ಹೊಡೆದಿದ್ದಾನೆ, ಅವನು ಬರೀ 35. ಇವನೇ ಒಳ್ಳೆಯವನು ಅಲ್ವಾ?" ಗೋಲು ಹೊಡೆದರೆ ಒಂದು ಪಾಯಿಂಟ್, ಗೋಲಿಗೆ ಪಾಸ್ ಕೊಟ್ಟರೂ (ಅಸಿಸ್ಟ್) ಒಂದು ಪಾಯಿಂಟ್. ನಾನೂ ಮೊದಲ ಮೂರು ನಾಲ್ಕು ವರ್ಷ ಹಾಗೇ ನೋಡುತ್ತಿದ್ದೆ. ಜಾಸ್ತಿ ಪಾಯಿಂಟ್ ಇದ್ದವನು ಕಾಲೇಜಿಗೆ ಬಂದು ಕಡಿಮೆ ಆಟ ಸಿಗುವ ನಾಲ್ಕನೇ ಲೈನಿನಲ್ಲಿ (ಮೂವರು ಫಾರ್ವರ್ಡ್‌ಗಳ ಗುಂಪು) ಕೂತ, ಕಡಿಮೆ ಇದ್ದವನು ಕ್ರಿಸ್‌ಮಸ್ ಹೊತ್ತಿಗೆ ಪವರ್ ಪ್ಲೇಯಲ್ಲಿ (ಶಿಕ್ಷೆಯಾಗಿ ಎದುರಾಳಿ ಕಡೆ ಆಟಗಾರ ಕಡಿಮೆ ಇದ್ದಾಗ) ಆಡುತ್ತಿದ್ದ. ಇದು ಒಂದು ಸಲವಲ್ಲ, ಮತ್ತೆ ಮತ್ತೆ ಆಯಿತು. ಆಮೇಲೆ ನೋಡುವ ಕ್ರಮವನ್ನೇ ಬದಲಿಸಿಕೊಂಡೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜ್ ಟೀಮನ್ನು ಹಿಂಬಾಲಿಸುವವರಿಗೆ ಮುಖ್ಯವಾಗಿ, ಮಗನಿಗೆ ಯಾವ ದಾರಿ ಅಂತ ಯೋಚಿಸುತ್ತಿರುವ ಅಪ್ಪ ಅಮ್ಮಂದಿರಿಗೂ ಕೂಡ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಪ್ಲಸ್ ಟು ಮುಗಿಸಿ ನೇರ ಕಾಲೇಜ್ ಟೀಮಿಗೆ ಬರುವವರು ಕಡಿಮೆ. ನಡುವೆ ಜೂನಿಯರ್ ಹಾಕಿ ಅಂತ ಒಂದು ಮೆಟ್ಟಿಲಿದೆ. 16ರಿಂದ 20 ವರ್ಷದ ಹುಡುಗರು ಮನೆ ಬಿಟ್ಟು ಯಾವುದೋ ಸಣ್ಣ ಊರಿಗೆ ಹೋಗಿ, ಅಲ್ಲಿ ಬಿಲೆಟ್ ಫ್ಯಾಮಿಲಿ ಅಂತ ಕರೆಯುವ ಒಂದು ಸಂಸಾರದ ಮನೆಯಲ್ಲಿದ್ದುಕೊಂಡು, ಅವರ ಮನೆ ಊಟ ಉಂಡು ಒಂದೆರಡು ವರ್ಷ ಆಡುತ್ತಾರೆ. ಆಮೇಲೆ ಕಾಲೇಜು. ಹಾಗಾಗಿ ಕಾಲೇಜಿನ ಮೊದಲ ವರ್ಷದ ಹುಡುಗ 18 ವರ್ಷದವನೂ ಇರಬಹುದು, 21ರವನೂ ಇರಬಹುದು. ಇಬ್ಬರನ್ನೂ ಫ್ರೆಶ್‌ಮನ್ ಅಂತಲೇ ಕರೆಯುತ್ತಾರೆ. ಎಲ್ಲ ಗೊಂದಲ ಶುರುವಾಗುವುದು ಇಲ್ಲಿಂದಲೇ.

ವಯಸ್ಸೇ ಮೊದಲು ಯಾಕೆ

17 ವರ್ಷದ ಹುಡುಗ 20 ವರ್ಷದವರ ಎದುರು ಆಡಿ ಪಂದ್ಯಕ್ಕೆ ಅರ್ಧ ಪಾಯಿಂಟ್ ತೆಗೆಯುವುದು ಬೇರೆ, 20 ವರ್ಷದವನು 17ರವರ ಎದುರು ಒಂದೂವರೆ ಪಾಯಿಂಟ್ ತೆಗೆಯುವುದು ಬೇರೆ. ನಮ್ಮೂರಲ್ಲಿ ಹತ್ತನೇ ಕ್ಲಾಸಿನ ಹುಡುಗರು ಏಳನೇ ಕ್ಲಾಸಿನವರ ಜೊತೆ ಕಬಡ್ಡಿ ಆಡಿದ ಹಾಗೆ. ಈ ವಯಸ್ಸಿನಲ್ಲಿ ಮೂರು ವರ್ಷ ಅಂದ್ರೆ ಭುಜ, ತೊಡೆ, ತೂಕ, ಧೈರ್ಯ ಎಲ್ಲವೂ ಬೇರೆ.

ಮ್ಯಾಕ್ಲಿನ್ ಸೆಲೆಬ್ರಿನಿ 2022-23ರಲ್ಲಿ ಶಿಕಾಗೋ ಸ್ಟೀಲ್ ಎಂಬ ಜೂನಿಯರ್ ಟೀಮಿಗೆ 50 ಪಂದ್ಯದಲ್ಲಿ 86 ಪಾಯಿಂಟ್ ಹೊಡೆದ. ಆಗ ಅವನಿಗೆ 16 ವರ್ಷ. ಆ 86ರ ಬೆಲೆ ಗೊತ್ತಾಗುವುದು ಈ 16ನ್ನು ಪಕ್ಕದಲ್ಲಿಟ್ಟಾಗ. ಮುಂದಿನ ವರ್ಷ ಬಾಸ್ಟನ್ ಯೂನಿವರ್ಸಿಟಿಗೆ ಬಂದು, ತನಗಿಂತ ಐದಾರು ವರ್ಷ ದೊಡ್ಡವರ ಮಧ್ಯೆ 38 ಪಂದ್ಯಕ್ಕೆ 64 ಪಾಯಿಂಟ್ ಮಾಡಿದ, ಕಾಲೇಜಿನ ಅತಿ ಒಳ್ಳೆಯ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಗೆದ್ದ, ದೊಡ್ಡ ವೃತ್ತಿಪರ ಲೀಗಿನ ಟೀಮುಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸುವ 2024ರ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಸ್ಯಾನ್ ಹೊಸೆಗೆ ಹೋದ. ಅಂಥವನನ್ನು ಗುರುತಿಸಲು ಯಾರ ಸಹಾಯವೂ ಬೇಡ. ಕಷ್ಟ ಇರುವುದು ಉಳಿದವರಲ್ಲಿ.

ಆದ್ದರಿಂದ ನಾನು ಎಲೀಟ್ ಪ್ರಾಸ್ಪೆಕ್ಟ್ಸ್ ಅನ್ನುವ ಹಾಕಿ ಅಂಕಿಅಂಶದ ವೆಬ್‌ಸೈಟ್ ತೆರೆದ ತಕ್ಷಣ ನೋಡುವುದು ಹುಟ್ಟಿದ ದಿನ. ವರ್ಷ ಮಾತ್ರ ಅಲ್ಲ, ತಿಂಗಳೂ ಬೇಕು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ವರ್ಷದ ಗುಂಪಿನಲ್ಲಿ ಬರುತ್ತಾರೆ, ನಡುವೆ ಹನ್ನೊಂದು ತಿಂಗಳ ಅಂತರ. ಪುಸ್ತಕದಲ್ಲಿ ಹೆಸರಿನ ಪಕ್ಕ, ಆ ಸೀಸನ್ ಶುರುವಾದ ಸೆಪ್ಟೆಂಬರ್‌ನಲ್ಲಿ ಅವನಿಗೆ ಎಷ್ಟು ವರ್ಷ ಎಷ್ಟು ತಿಂಗಳು ಅಂತ ಬರೆದುಕೊಳ್ಳುತ್ತೇನೆ. ಎರಡು ನಿಮಿಷದ ಕೆಲಸ, ಆದರೆ ಅರ್ಧ ಪಟ್ಟಿ ಅಲ್ಲೇ ಮೇಲೆ ಕೆಳಗೆ ಆಗುತ್ತದೆ.

ಯಾವ ಲೀಗಿನಿಂದ ಬಂದ?

ವಯಸ್ಸಿನ ನಂತರ ಇದು. ಒಂದೊಂದು ಲೀಗಿನ ಪಾಯಿಂಟ್ ಒಂದೊಂದು ದೇಶದ ನೋಟು ಇದ್ದ ಹಾಗೆ. ಎಣಿಸಿದರೆ ಸಾಲದು, ಯಾವ ದೇಶದ್ದು ಅಂತ ಗೊತ್ತಿರಬೇಕು.

ಯುಎಸ್‌ಎಚ್‌ಎಲ್ ಅಮೆರಿಕದ ಒಂದೇ ಒಂದು ಮೊದಲ ದರ್ಜೆಯ ಜೂನಿಯರ್ ಲೀಗ್. ವಾಟರ್‌ಲೂ, ಡಬ್ಯೂಕ್, ಫಾರ್ಗೋ, ಲಿಂಕನ್, ಗ್ರೀನ್ ಬೇ ಇಂಥ ಮಧ್ಯ ಅಮೆರಿಕದ ಊರುಗಳು. ಆಡುವವನು ಫೀಸು ಕಟ್ಟಬೇಕಿಲ್ಲ. ಇಲ್ಲಿ ಜಾಗ ಕಡಿಮೆ, ಗುದ್ದಾಟ ಜಾಸ್ತಿ, ಸುಲಭದ ಗೋಲು ಸಿಗುವುದಿಲ್ಲ. ನನ್ನ ಲೆಕ್ಕದಲ್ಲಿ ಇಲ್ಲಿ 18 ವರ್ಷದವನು ಎರಡು ಪಂದ್ಯಕ್ಕೆ ಒಂದು ಪಾಯಿಂಟ್‌ಗಿಂತ ಸ್ವಲ್ಪ ಜಾಸ್ತಿ ಮಾಡಿದರೂ ಗಮನಿಸಬೇಕಾದ ಹುಡುಗ. ಜಾನಿ ಗೋಡ್ರೋ 2010-11ರಲ್ಲಿ ಡಬ್ಯೂಕ್‌ಗೆ 60 ಪಂದ್ಯದಲ್ಲಿ 72 ಪಾಯಿಂಟ್ ತೆಗೆದಿದ್ದ. ಮೈಕಟ್ಟು ತೀರಾ ಚಿಕ್ಕದು ಅಂತ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ನಾಲ್ಕನೇ ಸುತ್ತಿನವರೆಗೆ, 104ನೆಯವನಾಗುವವರೆಗೆ, ಯಾರೂ ಆರಿಸಲಿಲ್ಲ. ಬಾಸ್ಟನ್ ಕಾಲೇಜಿನಲ್ಲಿ 2013-14ರಲ್ಲಿ ಅದೇ ಹುಡುಗ 40 ಪಂದ್ಯಕ್ಕೆ 80 ಪಾಯಿಂಟ್ ಮಾಡಿದ. 2024ರ ಆಗಸ್ಟ್‌ನಲ್ಲಿ ಅವನು ತೀರಿಕೊಂಡ ಸುದ್ದಿ ಬಂದಾಗ ಇಲ್ಲಿ ಎಷ್ಟೋ ಮನೆಗಳಲ್ಲಿ ಹಾಕಿ ಸ್ಟಿಕ್‌ಗಳನ್ನು ಹೊರಗೆ ವರಾಂಡದಲ್ಲಿ ಇಟ್ಟಿದ್ದರು. ಎತ್ತರ ನೋಡಿ ಹುಡುಗನನ್ನು ತಳ್ಳಿಹಾಕುವವರಿಗೆ ನಾನು ಈಗಲೂ ಅವನ ಹೆಸರು ಹೇಳುತ್ತೇನೆ.

ಯುಎಸ್‌ಎಚ್‌ಎಲ್‌ನಲ್ಲೇ ಆಡುವ ಇನ್ನೊಂದು ಟೀಮು ಮಿಶಿಗನ್‌ನ ಪ್ಲಿಮತ್‌ನಲ್ಲಿರುವ ರಾಷ್ಟ್ರೀಯ ತರಬೇತಿ ತಂಡ. ದೇಶದ ಆಯ್ದ 17, 18ರೊಳಗಿನ ಹುಡುಗರು. ಈ ಹುಡುಗರ ಪಾಯಿಂಟ್ ನೋಡುವಾಗ ಅವರ ಲೈನಿನಲ್ಲಿ ಜೊತೆಗೆ ಯಾರಿದ್ದರು ಅಂತ ಕೇಳಲೇಬೇಕು. ಎಡಕ್ಕೂ ಬಲಕ್ಕೂ ಮುಂದೆ ಎನ್‌ಎಚ್‌ಎಲ್‌ಗೆ ಹೋಗುವವರೇ ಇದ್ದರೆ ಮಧ್ಯದವನಿಗೂ ಪಾಯಿಂಟ್ ಬರುತ್ತದೆ.

ಬಿಸಿಎಚ್‌ಎಲ್ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಲೀಗ್. ಅಮೆರಿಕದ ಕಾಲೇಜುಗಳಿಗೆ ಹಳೆಯ ಹೆದ್ದಾರಿ. ಇಲ್ಲಿ ಆಟ ಸ್ವಲ್ಪ ಬಿಚ್ಚು, ಗೋಲು ಜಾಸ್ತಿ, ಒಳ್ಳೆಯ ಟೀಮಿಗೂ ಸಾಧಾರಣ ಟೀಮಿಗೂ ಅಂತರ ದೊಡ್ಡದು. ಕೆಂಟ್ ಜಾನ್ಸನ್ 2019-20ರಲ್ಲಿ ಟ್ರೇಲ್ ಟೀಮಿಗೆ 52 ಪಂದ್ಯದಲ್ಲಿ 101 ಪಾಯಿಂಟ್ ಹೊಡೆದವನು. ಮಿಶಿಗನ್ ಯೂನಿವರ್ಸಿಟಿಗೆ ಬಂದ ಮೊದಲ ವರ್ಷ 26 ಪಂದ್ಯಕ್ಕೆ 27. ಪಂದ್ಯಕ್ಕೆ ಎರಡರ ಹತ್ತಿರ ಇದ್ದದ್ದು ಒಂದಕ್ಕೆ ಇಳಿಯಿತು, ಮತ್ತು ಅದು ಕಾಲೇಜಿನಲ್ಲಿ ಬಹಳ ಒಳ್ಳೆಯ ಲೆಕ್ಕ. 2021ರ ಡ್ರಾಫ್ಟ್‌ನಲ್ಲಿ ಐದನೆಯವನಾಗಿ ಹೋದವನ ಲೆಕ್ಕ ಇದು. ಅದೇ ಲೀಗಿನಲ್ಲಿ 20ನೇ ವಯಸ್ಸಿಗೆ 75 ಮಾಡಿದವನದು ಎಲ್ಲಿಗೆ ಇಳಿಯಬಹುದು ಅಂತ ನೀವೇ ಯೋಚಿಸಿ.

ಇನ್ನೊಂದು ವಿಷಯ. ಬಿಸಿಎಚ್‌ಎಲ್ 2023ರಲ್ಲಿ ಹಾಕಿ ಕೆನಡಾದಿಂದ ಹೊರಗೆ ಬಂತು. 2024ರಲ್ಲಿ ಆಲ್ಬರ್ಟಾ ಲೀಗಿನ ಐದು ಟೀಮುಗಳು, ಬ್ರೂಕ್ಸ್ ಬ್ಯಾಂಡಿಟ್ಸ್ ಕೂಡ, ಅದಕ್ಕೆ ಸೇರಿಕೊಂಡವು. 2025ರಲ್ಲಿ ಅದರ ಬಲವಾದ ಟೀಮು ಪೆಂಟಿಕ್ಟನ್ ಬಿಟ್ಟು ಡಬ್ಲ್ಯೂಎಚ್‌ಎಲ್‌ಗೆ ಹೋಯಿತು. ಆದ್ದರಿಂದ ಐದು ವರ್ಷ ಹಿಂದಿನ ಬಿಸಿಎಚ್‌ಎಲ್ ಪಾಯಿಂಟನ್ನು ಈಗಿನದರ ಪಕ್ಕ ಇಟ್ಟು ಹೋಲಿಸಬೇಡಿ. ಹೆಸರು ಒಂದೇ, ಎದುರಾಳಿಗಳು ಬೇರೆ.

ಇನ್ನು ದೊಡ್ಡ ಬದಲಾವಣೆ. ಕೆನಡಾದ ಮೇಜರ್ ಜೂನಿಯರ್, ಅಂದ್ರೆ ಓಎಚ್‌ಎಲ್, ಡಬ್ಲ್ಯೂಎಚ್‌ಎಲ್, ಕ್ಯೂಎಂಜೆಎಚ್‌ಎಲ್ ಈ ಮೂರು ಸೇರಿದ ಸಿಎಚ್‌ಎಲ್. ಬಹಳ ವರ್ಷ ಅಲ್ಲಿ ಒಂದು ಪಂದ್ಯ ಆಡಿದರೂ ಕಾಲೇಜಿನ ಬಾಗಿಲು ಮುಚ್ಚಿದ ಹಾಗೆ ಆಗುತ್ತಿತ್ತು. ಅಲ್ಲಿ ಹುಡುಗರಿಗೆ ತಿಂಗಳಿಗೆ ಸ್ವಲ್ಪ ಕೈಖರ್ಚಿನ ಹಣ ಕೊಡುತ್ತಾರೆ, ಎನ್‌ಎಚ್‌ಎಲ್‌ಗೆ ಸಹಿ ಹಾಕಿದವರೂ ಅಲ್ಲಿ ಆಡುತ್ತಾರೆ, ಹಾಗಾಗಿ ಅವರು ವೃತ್ತಿಪರರು ಅಂತ ಕಾಲೇಜ್ ಆಟಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ವಾದ. 15-16 ವರ್ಷದ ಮಗು ಆ ವಯಸ್ಸಿನಲ್ಲೇ ಬದುಕಿನ ಎರಡು ದಾರಿಯಲ್ಲಿ ಒಂದನ್ನು ಆರಿಸಬೇಕಿತ್ತು. ನಮ್ಮ ಭಾರತೀಯ ಮೂಲದ ಜುಝಾರ್ ಖೈರಾ ಬಿಸಿಎಚ್‌ಎಲ್‌ನ ಪ್ರಿನ್ಸ್ ಜಾರ್ಜ್‌ನಿಂದ ಮಿಶಿಗನ್ ಟೆಕ್ ಕಾಲೇಜಿಗೆ ಬಂದು, 2012-13ರ ಒಂದು ವರ್ಷ ಆಡಿ, ಡಬ್ಲ್ಯೂಎಚ್‌ಎಲ್‌ನ ಎವರೆಟ್‌ಗೆ ಹೋದ. ಆ ಕಾಲದಲ್ಲಿ ಆ ದಾರಿ ಒಂದೇ ಕಡೆಗೆ. ಹೋದರೆ ವಾಪಸ್ ಬರುವ ಹಾಗಿಲ್ಲ.

2024ರ ನವೆಂಬರ್‌ನಲ್ಲಿ ಎನ್‌ಸಿಎಎ ಆ ನಿಯಮ ತೆಗೆಯಿತು. 2025ರ ಆಗಸ್ಟ್ 1ರಿಂದ ಸಿಎಚ್‌ಎಲ್ ಹುಡುಗರೂ ಕಾಲೇಜಿಗೆ ಬರಬಹುದು. ಬಂದೇ ಬಿಟ್ಟರು. ಮೆಡಿಸಿನ್ ಹ್ಯಾಟ್‌ನಲ್ಲಿ 2024-25ರಲ್ಲಿ 56 ಪಂದ್ಯಕ್ಕೆ 129 ಪಾಯಿಂಟ್ ಹೊಡೆದ ಗ್ಯಾವಿನ್ ಮೆಕೆನ್ನಾ ಪೆನ್ ಸ್ಟೇಟ್ ಸೇರಿದ. ಫ್ಲೈಯರ್ಸ್ ಟೀಮು 2025ರ ಡ್ರಾಫ್ಟ್‌ನಲ್ಲಿ ಆರನೆಯವನಾಗಿ ಆರಿಸಿದ ಪೋರ್ಟರ್ ಮಾರ್ಟೋನ್ ಮಿಶಿಗನ್ ಸ್ಟೇಟ್‌ಗೆ ಬಂದ. ಇಂಥ ದೊಡ್ಡ ಹೆಸರುಗಳು ಪತ್ರಿಕೆಯಲ್ಲಿ ಬರುತ್ತವೆ. ಆದರೆ ಕಾಲೇಜ್ ಕೋಚುಗಳು ಕೈಯಿಟ್ಟ ದೊಡ್ಡ ಗಣಿ ಇನ್ನೊಂದು, 19-20 ವರ್ಷದ, ಎನ್‌ಎಚ್‌ಎಲ್ ಯಾರೂ ಆರಿಸದ, ನೂರೈವತ್ತು ಇನ್ನೂರು ಪಂದ್ಯ ಆಡಿ ಪಳಗಿದ ಸಿಎಚ್‌ಎಲ್ ಹುಡುಗರು. ಮೊದಲು ಇವರು ಕೆನಡಾದ ಯೂನಿವರ್ಸಿಟಿಗೋ ಸಣ್ಣ ವೃತ್ತಿಪರ ಲೀಗಿಗೋ ಹೋಗುತ್ತಿದ್ದರು. ಈಗ ಮೊದಲ ದಿನದಿಂದಲೇ ಆಡಲು ತಯಾರಾಗಿ ಬರುತ್ತಾರೆ.

ಇವರನ್ನು ಅಳೆಯುವಾಗ ಒಂದು ಎಚ್ಚರ ಇರಲಿ. ಡಬ್ಲ್ಯೂಎಚ್‌ಎಲ್, ಓಎಚ್‌ಎಲ್‌ನಲ್ಲಿ ವರ್ಷಕ್ಕೆ 68 ಪಂದ್ಯ. ಬಸ್ಸಿನಲ್ಲಿ ರಾತ್ರಿಯೆಲ್ಲ ಪ್ರಯಾಣ, ವಾರಕ್ಕೆ ಮೂರು ಪಂದ್ಯ ಕೂಡ ಇರುತ್ತದೆ. ಹುಡುಗರು ಶಕ್ತಿ ಉಳಿಸಿಕೊಂಡು ಆಡುವುದನ್ನು ಕಲಿಯುತ್ತಾರೆ. ಕಾಲೇಜಿನಲ್ಲಿ 34ರ ಸುಮಾರು, ಬಹುತೇಕ ಶುಕ್ರವಾರ ಶನಿವಾರ. ವಾರವೆಲ್ಲ ಜಿಮ್ಮು, ಅಭ್ಯಾಸ, ಪಾಠ, ಮತ್ತೆ ಆ ಎರಡು ರಾತ್ರಿ ಪ್ರತಿ ಶಿಫ್ಟ್‌ನಲ್ಲೂ (ಆಡಲು ಇಳಿಯುವ ಪ್ರತಿ ಸರದಿಯಲ್ಲೂ) ಎದುರಿಗೆ 22-23 ವರ್ಷದ ಗಂಡಸರು ಮೈಮೇಲೆ ಬರುತ್ತಾರೆ. ಶಕ್ತಿ ಉಳಿಸಿ ಆಡುವವನು ಇಲ್ಲಿ ತಡವಾಗಿ ಕಾಣುತ್ತಾನೆ. ಸಿಎಚ್‌ಎಲ್ ಹುಡುಗನ ಆಟ ನೋಡುವಾಗ ಪಾಯಿಂಟ್ ಬಿಟ್ಟು, ಪಕ್ (ಚೆಂಡಿನ ಬದಲು ಇಲ್ಲಿ ಬಳಸುವ ರಬ್ಬರ್ ಬಿಲ್ಲೆ) ಕಳೆದುಕೊಂಡ ಮೇಲೆ ಅವನು ಹಿಂದಕ್ಕೆ ಎಷ್ಟು ಜೋರಾಗಿ ಓಡುತ್ತಾನೆ ಅಂತ ನೋಡಿ.

ಎನ್‌ಎಎಚ್‌ಎಲ್ ಅಮೆರಿಕದ ಎರಡನೇ ದರ್ಜೆ. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಿಂದ ಟೆಕ್ಸಸ್‌ವರೆಗೆ ಹರಡಿದ ಲೀಗು. ತಡವಾಗಿ ಬೆಳೆದವರು, ಮೇಲಿನ ಲೀಗಿನಲ್ಲಿ ಜಾಗ ಸಿಗದವರು ಇಲ್ಲಿಗೆ ಬರುತ್ತಾರೆ. ಫಾರ್ವರ್ಡ್ ಇಲ್ಲಿಂದ ಬರುತ್ತಿದ್ದರೆ ನಾನು ವಯಸ್ಸನ್ನು ಇನ್ನೂ ಕಟ್ಟುನಿಟ್ಟಾಗಿ ನೋಡುತ್ತೇನೆ. ಗೋಲ್‌ಕೀಪರ್ ಆದರೆ ಮಾತು ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ನ್ಯೂ ಇಂಗ್ಲೆಂಡ್‌ನ ಪ್ರೆಪ್ ಶಾಲೆಗಳು (ಕಾಲೇಜಿಗೆ ತಯಾರು ಮಾಡುವ ಖಾಸಗಿ ಹೈಸ್ಕೂಲುಗಳು), ಮಿನೆಸೋಟಾದ ಹೈಸ್ಕೂಲ್ ಹಾಕಿ, ಇವು ನೋಡಲು ಚೆಂದ. ಆದರೆ ಇಲ್ಲಿನ ಪಾಯಿಂಟ್ ಮೇಲೆ ಮಾತ್ರ ಭರವಸೆ ಇಡಬೇಡಿ. ಒಂದು ಸಂಜೆ ಬಲವಾದ ಟೀಮು, ಮರುದಿನ ಸ್ಕೇಟ್ ಮೇಲೆ ಸರಿಯಾಗಿ ನಿಲ್ಲಲಾರದವರು. ಇಲ್ಲಿಂದ ಬರುವ ಒಳ್ಳೆಯ ಹುಡುಗರೂ ಸಾಮಾನ್ಯವಾಗಿ ಒಂದು ವರ್ಷ ಜೂನಿಯರ್ ಆಡಿಯೇ ಕಾಲೇಜಿಗೆ ಬರುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ

ಇಬ್ಬರು ಹುಡುಗರು ಅಂದುಕೊಳ್ಳಿ. ಒಬ್ಬ ಬಿಸಿಎಚ್‌ಎಲ್‌ನಲ್ಲಿ 54 ಪಂದ್ಯಕ್ಕೆ 75 ಪಾಯಿಂಟ್, ಸೀಸನ್ ಶುರುವಿಗೆ 19 ವರ್ಷ 8 ತಿಂಗಳು. ಇನ್ನೊಬ್ಬ ಯುಎಸ್‌ಎಚ್‌ಎಲ್‌ನಲ್ಲಿ 60ಕ್ಕೆ 35, ವಯಸ್ಸು 17 ವರ್ಷ 2 ತಿಂಗಳು. ಪಂದ್ಯಕ್ಕೆ 1.39 ಎದುರಿಗೆ 0.58. ಸುಮ್ನೆ ನೋಡಿದರೆ ಹೋಲಿಕೆಯೇ ಇಲ್ಲ.

ಈಗ ಒಡೆದು ನೋಡಿ. ಮೊದಲನೆಯವನ 75ರಲ್ಲಿ ಪವರ್ ಪ್ಲೇಯಲ್ಲಿ ಬಂದದ್ದು ಎಷ್ಟು? 35 ಇದ್ದರೆ, ಸಮಬಲದ ಆಟದಲ್ಲಿ, ಅಂದ್ರೆ ಎರಡೂ ಕಡೆ ಅಷ್ಟಷ್ಟೇ ಆಟಗಾರರಿದ್ದಾಗ, ಬಂದದ್ದು 40. ಕಾಲೇಜಿಗೆ ಬಂದ ಹೊಸಬನಿಗೆ ಮೊದಲ ಪವರ್ ಪ್ಲೇಯಲ್ಲಿ ಜಾಗ ಸಿಗುವುದು ಕಷ್ಟ, ಅಲ್ಲಿ ಮೂರನೇ ವರ್ಷದವರು ಕೂತಿರುತ್ತಾರೆ. ಹಾಗಾಗಿ ಅವನು ತರುವುದು ಆ 40ನ್ನು ಮಾತ್ರ. ಎರಡನೆಯವನ 35ರಲ್ಲಿ 29 ಸಮಬಲದ್ದಾಗಿದ್ದರೆ, ಅದೂ ಮೂರನೇ ಲೈನಿನಲ್ಲಿ ಕಡಿಮೆ ಹೊತ್ತು ಆಡಿ ಬಂದಿದ್ದರೆ, ಅಂತರ ಎಲ್ಲಿ ಉಳಿಯಿತು? ಮೇಲೆ ಎರಡೂವರೆ ವರ್ಷ ಚಿಕ್ಕವನು. ಅಸಿಸ್ಟ್‌ಗಳಲ್ಲೂ ಒಡೆಯಬೇಕು. ಗೋಲು ಹೊಡೆದವನಿಗೆ ನೇರ ಪಾಸ್ ಕೊಟ್ಟದ್ದು ಒಂದು, ಅದಕ್ಕೂ ಹಿಂದೆ ಎಲ್ಲೋ ಪಕ್ ಮುಟ್ಟಿದ್ದು ಇನ್ನೊಂದು. ಎರಡಕ್ಕೂ ಕಾಗದದಲ್ಲಿ ಒಂದೇ ಪಾಯಿಂಟ್.

ಇಷ್ಟಾದ ಮೇಲೂ ನಾನು ಎರಡನೆಯವನನ್ನೇ ಆರಿಸುತ್ತೇನೆ ಅಂತ ಕಣ್ಣು ಮುಚ್ಚಿ ಹೇಳುವುದಿಲ್ಲ. ಟೀಮಿಗೆ ಏನು ಬೇಕು ಅನ್ನುವುದು ಇದೆಯಲ್ಲ. ಎರಡು ಲೈನಿನ ಹಿರಿಯರು ಓದು ಮುಗಿಸಿ ಹೋಗಿದ್ದಾರೆ, ಈ ಅಕ್ಟೋಬರ್‌ಗೇ ಆಡುವವರು ಬೇಕು ಅಂದರೆ 20 ವರ್ಷದವನು ಸರಿ. ಮೈ ತುಂಬಿಕೊಂಡಿದ್ದಾನೆ, ಮೂರು ನಾಲ್ಕು ವರ್ಷ ಇರುತ್ತಾನೆ, ಎನ್‌ಎಚ್‌ಎಲ್ ಬಂದು ಮಧ್ಯದಲ್ಲಿ ಎಳೆದುಕೊಂಡು ಹೋಗುವ ಭಯ ಕಡಿಮೆ. ಚಿಕ್ಕವನನ್ನು ಇನ್ನೊಂದು ವರ್ಷ ಜೂನಿಯರ್‌ನಲ್ಲೇ ಬಿಟ್ಟು ಆಮೇಲೆ ಕರೆಸಬಹುದು, ಎಷ್ಟೋ ಕೋಚುಗಳು ಅದನ್ನೇ ಮಾಡುತ್ತಾರೆ. ಈಗಂತೂ 2025ರ ಕೋರ್ಟ್ ಒಪ್ಪಂದಕ್ಕೆ ಸೇರಿಕೊಂಡ ಕಾಲೇಜುಗಳಲ್ಲಿ ಟೀಮಿಗೆ 26 ಜನ ಅಂತ ಮಿತಿ. ಇರಲಿ ಅಂತ ಒಬ್ಬನನ್ನು ಇಟ್ಟುಕೊಳ್ಳುವ ಕಾಲ ಹೋಯಿತು.

ಪ್ರತಿಭೆ ಒಂದೇ ಸಾಕು ಅನ್ನುವವರಿಗೆ 2022ರ ಮಿಶಿಗನ್ ನೆನಪಿಸುತ್ತೇನೆ. 2021ರ ಡ್ರಾಫ್ಟ್‌ನ ಮೊದಲ ಐದರಲ್ಲಿ ನಾಲ್ಕು ಜನ, ಓವನ್ ಪವರ್, ಮ್ಯಾಟಿ ಬೆನಿಯರ್ಸ್, ಲೂಕ್ ಹ್ಯೂಸ್, ಕೆಂಟ್ ಜಾನ್ಸನ್, ಒಂದೇ ಟೀಮಿನಲ್ಲಿ. ಸೆಮಿಫೈನಲ್‌ನಲ್ಲಿ ಡೆನ್ವರ್ ಎದುರು ಓವರ್‌ಟೈಮಿನಲ್ಲಿ 3-2ಕ್ಕೆ ಸೋತರು. ಮರುವರ್ಷ ಲೋಗನ್ ಕೂಲಿ ಇದ್ದ ಮಿನೆಸೋಟಾ ಫೈನಲ್‌ನಲ್ಲಿ ಕ್ವಿನಿಪಿಯಾಕ್‌ಗೆ ಓವರ್‌ಟೈಮ್ ಶುರುವಾದ 10 ಸೆಕೆಂಡಿನಲ್ಲೇ ಸೋತಿತು. ಎಳೆಯ ಪ್ರತಿಭೆಯೂ ಬೇಕು, ಪಕ್ಕದಲ್ಲಿ ಗೋಡೆಯ ಹಾಗೆ ನಿಲ್ಲುವ 22 ವರ್ಷದವರೂ ಬೇಕು.

ಕಣ್ಣಲ್ಲಿ ನೋಡಬೇಕಾದದ್ದು

ನಮ್ಮ ಮನೆಗೆ ಹತ್ತಿರ ಡಿಯರ್‌ಫೀಲ್ಡ್ ಅಕಾಡೆಮಿ ಇದೆ. ಬುಧವಾರ ಮಧ್ಯಾಹ್ನ ಪ್ರೆಪ್ ಪಂದ್ಯ ಇದ್ದರೆ ಆಫೀಸಿನಿಂದ ಬೇಗ ಹೊರಟು, ಫ್ಲಾಸ್ಕಿನಲ್ಲಿ ಕಾಫಿ ಹಾಕಿಕೊಂಡು ಹೋಗಿ ಗಾಜಿನ ಪಕ್ಕ ನಿಲ್ಲುತ್ತೇನೆ. ಮೇಲಿನ ಸೀಟಿನಿಂದ ಆಟದ ರೂಪ ಕಾಣುತ್ತದೆ, ಗಾಜಿನ ಪಕ್ಕದಿಂದ ಹುಡುಗನ ಕಣ್ಣು ಕಾಣುತ್ತದೆ.

ಒಂದು ದಿನದ ದೃಶ್ಯ ಹೇಳುತ್ತೇನೆ. ಎದುರಾಳಿ ಪಕ್ಕನ್ನು ಮೂಲೆಗೆ ಬಾರಿಸಿದರು. ಡಿಫೆನ್ಸ್‌ನ ಒಬ್ಬ ಸಣಕಲು ಹುಡುಗ ತಿರುಗಿ ಅದರ ಹಿಂದೆ ಓಡಿದ. ಹಿಂದೆ ಇಬ್ಬರು ಬೆನ್ನಟ್ಟಿ ಬರುತ್ತಿದ್ದಾರೆ. ಪಕ್ ಮುಟ್ಟುವ ಮೊದಲು ಅವನು ಎಡ ಭುಜದ ಮೇಲಿಂದ ಒಂದು ಸಲ, ಬಲ ಭುಜದ ಮೇಲಿಂದ ಇನ್ನೊಂದು ಸಲ ಹಿಂದೆ ನೋಡಿದ. ಅರ್ಧ ಸೆಕೆಂಡು ಕೂಡ ಇಲ್ಲ. ಎಡಕ್ಕೆ ಹೋಗುವ ಹಾಗೆ ಸೊಂಟ ಬಾಗಿಸಿದ, ಬೆನ್ನಟ್ಟಿದವನು ಆ ಕಡೆ ವಾಲಿದ, ಇವನು ಪಕ್ಕನ್ನು ಬಲಕ್ಕೆ ಆರಡಿ ದೂರದ ಜೊತೆಗಾರನಿಗೆ ಮೆತ್ತಗೆ ಕೊಟ್ಟ. ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಾಯಿಂಟೂ ಇಲ್ಲ. ನಾನು ಪುಸ್ತಕ ತೆಗೆದು ಅವನ ನಂಬರಿನ ಕೆಳಗೆ ಎರಡು ಗೆರೆ ಎಳೆದೆ. ಪಕ್ ಮುಟ್ಟುವ ಮೊದಲೇ ಮುಂದೆ ಏನು ಮಾಡಬೇಕು ಅಂತ ಗೊತ್ತಿರುವ ಹುಡುಗನಿಗೆ ಕಾಲೇಜಿನ ವೇಗ ಹೊಸದಾಗಿ ಕಾಣುವುದಿಲ್ಲ.

ಅದಕ್ಕೇ ನನ್ನ ಸಲಹೆ, ಒಂದು ಪೀರಿಯಡ್ ಪೂರ್ತಿ ಪಕ್ ಬಿಟ್ಟು ಆ ಹುಡುಗನನ್ನೇ ನೋಡಿ. ಕ್ರಿಕೆಟ್‌ನಲ್ಲಿ ಬಾಲ್ ಬಿಟ್ಟು ಕವರ್‌ನಲ್ಲಿ ನಿಂತ ಫೀಲ್ಡರನ್ನು ನೋಡಿದ ಹಾಗೆ, ಮೊದಲು ಬೇಜಾರಾಗುತ್ತದೆ. ಹತ್ತು ನಿಮಿಷ ಆದ ಮೇಲೆ ಕಾಣಲು ಶುರುವಾಗುತ್ತದೆ. ಫಾರ್ವರ್ಡ್ ಆದರೆ ಗೋಲಿನ ಎದುರಿನ ಇಕ್ಕಟ್ಟಿನ ಜಾಗಕ್ಕೆ ನುಗ್ಗುತ್ತಾನೋ, ಅಂಚಿನಲ್ಲೇ ಸುತ್ತುತ್ತಾನೋ? ಜೂನಿಯರ್‌ನಲ್ಲಿ ಅಂಚಿನಿಂದ ಹೊಡೆದರೂ ಗೋಲಾಗುತ್ತದೆ, ಕಾಲೇಜಿನ ಗೋಲ್‌ಕೀಪರ್ ಅವನ್ನು ಹಿಡಿದು ಹಾಕುತ್ತಾನೆ. ಎಡಕ್ಕೂ ಬಲಕ್ಕೂ ಒಂದೇ ಹದದಲ್ಲಿ ತಿರುಗುತ್ತಾನಾ? ಶಿಫ್ಟಿನ ಕೊನೆಯ ಹತ್ತು ಸೆಕೆಂಡು, ಉಸಿರು ಕಟ್ಟಿದಾಗ, ಏನು ಮಾಡುತ್ತಾನೆ? ತಪ್ಪು ಮಾಡಿ ಗೋಲು ಬಿಟ್ಟುಕೊಟ್ಟ ನಂತರದ ಶಿಫ್ಟ್ ಎಲ್ಲಕ್ಕಿಂತ ಮುಖ್ಯ. ಕೆಲವರು ಅಡಗಿಕೊಳ್ಳುತ್ತಾರೆ, ಕೆಲವರು ಮತ್ತೆ ಪಕ್ ಕೇಳುತ್ತಾರೆ.

ಕೇಲ್ ಮಕಾರ್ ವಿಷಯ ಹೇಳದೆ ನನ್ನ ಕೈಲಿ ಆಗುವುದಿಲ್ಲ. ಆಲ್ಬರ್ಟಾದ ಎರಡನೇ ದರ್ಜೆಯ ಲೀಗಿನಲ್ಲಿ ಬ್ರೂಕ್ಸ್ ಟೀಮಿಗೆ 2016-17ರಲ್ಲಿ ಡಿಫೆನ್ಸ್‌ನಲ್ಲಿ ನಿಂತು 54 ಪಂದ್ಯಕ್ಕೆ 75 ಪಾಯಿಂಟ್. ಲೀಗ್ ದೊಡ್ಡದಲ್ಲ, ಅಲ್ಲಿ ಸಿಗುವ ಪಾಯಿಂಟ್ ನಂಬಲು ಆಗುವುದಿಲ್ಲ ಅಂತ ಹೇಳುವವರು ಇದ್ದರು. ಅದೇ ವರ್ಷ ಯುಮ್ಯಾಸ್ ಗೆದ್ದದ್ದು ಬರೀ 5 ಪಂದ್ಯ. ಮಕಾರ್ ಇಲ್ಲಿಗೆ ಬಂದ, ಮೊದಲ ವರ್ಷ 34 ಪಂದ್ಯಕ್ಕೆ 21, ಎರಡನೇ ವರ್ಷ 41ಕ್ಕೆ 49, ಹೋಬಿ ಬೇಕರ್, ಟೀಮು ರಾಷ್ಟ್ರೀಯ ಫೈನಲ್‌ಗೆ. ಎರಡು ವರ್ಷದಲ್ಲಿ ಅವನು ಹೋದ, ಆದರೆ ಅವನಿದ್ದಾಗ ಬಂದ ಹುಡುಗರು ಉಳಿದರು, 2021ರಲ್ಲಿ ಸೇಂಟ್ ಕ್ಲೌಡ್ ಸ್ಟೇಟ್ ವಿರುದ್ಧ 5-0ಯಲ್ಲಿ ಕಪ್ ಗೆದ್ದರು. ಲೀಗಿನ ದರ್ಜೆ ನೋಡಿ ಅಂತ ಮೇಲೆ ಅಷ್ಟು ಬರೆದೆ. ಆದರೆ ಮಕಾರ್ ಸ್ಕೇಟ್ ಮೇಲೆ ತಿರುಗುವುದನ್ನು ಒಂದು ಸಲ ನೋಡಿದವರಿಗೆ ಲೀಗಿನ ಹೆಸರು ಬೇಕಿರಲಿಲ್ಲ. ಕಾಗದ ಮತ್ತು ಕಣ್ಣು ಬೇರೆ ಬೇರೆ ಹೇಳಿದಾಗ ನಾನು ಇನ್ನೂ ಎರಡು ಪಂದ್ಯ ನೋಡುತ್ತೇನೆ, ಆಮೇಲೂ ಹಾಗೇ ಇದ್ದರೆ ಕಣ್ಣಿನ ಪರ.

ಗೋಲ್‌ಕೀಪರ್

ಇವರಿಗೆ ಮೇಲಿನ ನಿಯಮ ಯಾವುದೂ ಪೂರ್ತಿ ಒಪ್ಪುವುದಿಲ್ಲ. ತಡವಾಗಿ ಹಣ್ಣಾಗುತ್ತಾರೆ. ಕಾನರ್ ಹೆಲೆಬಕ್ ಎನ್‌ಎಎಚ್‌ಎಲ್‌ನಲ್ಲಿ, ಅದೂ ಟೆಕ್ಸಸ್‌ನ ಒಡೆಸ್ಸಾ ಎಂಬ ಎಣ್ಣೆ ಬಾವಿಗಳ ಊರಿನಲ್ಲಿ ಆಡಿದವನು. ಹೈಸ್ಕೂಲ್ ಮುಗಿಸಿ ಅಲ್ಲಿಗೆ ಹೋದಾಗ ದೊಡ್ಡವರ ಕಣ್ಣಿಗೆ ಬಿದ್ದಿರಲಿಲ್ಲ. 2012ರಲ್ಲಿ 130ನೆಯವನಾಗಿ ಡ್ರಾಫ್ಟ್ ಆದ, ಯುಮ್ಯಾಸ್ ಲೋವೆಲ್‌ಗೆ ಬಂದು ಮೊದಲ ವರ್ಷವೇ ಬಂದ ನೂರು ಹೊಡೆತಕ್ಕೆ 95 ತಡೆದ, ಲೋವೆಲ್ ಫ್ರೋಜನ್ ಫೋರ್ (ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ಟೀಮು) ಮುಟ್ಟಿತು. 2025ರಲ್ಲಿ ಅವನು ಎನ್‌ಎಚ್‌ಎಲ್‌ನ ಹಾರ್ಟ್ ಟ್ರೋಫಿ (ವರ್ಷದ ಅತಿ ಮೌಲ್ಯಯುತ ಆಟಗಾರನಿಗೆ ಕೊಡುವುದು) ಗೆದ್ದ. ಗೋಲ್‌ಕೀಪರ್ ವಿಷಯದಲ್ಲಿ ಟೀಮಿನ ಗೆಲುವು ನೋಡಬೇಡಿ. ಸೋಲುವ ಟೀಮಿನಲ್ಲಿ ರಾತ್ರಿಗೆ 38-40 ಹೊಡೆತ ತಿಂದು, ಎರಡನೇ ಪೀರಿಯಡ್‌ನಲ್ಲಿ 4-0 ಹಿಂದಿದ್ದರೂ ಅದೇ ಹದದಲ್ಲಿ ಕಾಲು ಊರುವವನನ್ನು ನೋಡಿ.

ಅಪ್ಪ ಅಮ್ಮಂದಿರಿಗೆ

ಮಾರ್ಕ್ಸ್ ಬಿಡಬೇಡಿ. ಕಾಲೇಜ್ ಆಟದ ಮೇಲಿನ ದರ್ಜೆಯಾದ ಮೊದಲ ಡಿವಿಷನ್‌ಗೆ ಹೈಸ್ಕೂಲಿನಲ್ಲಿ 16 ಮುಖ್ಯ ಕೋರ್ಸುಗಳು, ಅದರಲ್ಲಿ ಕನಿಷ್ಠ 2.3 ಜಿಪಿಎ (ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ) ಬೇಕು. ಐವಿ ಲೀಗ್ ಕಾಲೇಜುಗಳಾದ ಹಾರ್ವರ್ಡ್, ಕಾರ್ನೆಲ್, ಯೇಲ್ ಇಂಥವು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ಆದಾಯ ನೋಡಿ ನೆರವು ಕೊಡುತ್ತವೆ. ಕಾಲೇಜ್ ಕೋಚು ಹುಡುಗನ ಜೊತೆ ಮಾತಾಡಬಹುದಾದದ್ದು ಹತ್ತನೇ ಕ್ಲಾಸಿನ ಜನವರಿ 1ರಿಂದ, ಜಾಗ ಕೊಡುತ್ತೇನೆ ಅಂತ ಹೇಳಬಹುದಾದದ್ದು ಹನ್ನೊಂದನೇ ಕ್ಲಾಸಿಗೆ ಮುಂಚಿನ ಆಗಸ್ಟ್ 1ರಿಂದ. ಅದಕ್ಕೆ ಮೊದಲು ಮನೆಯಲ್ಲಿ ಸುಮ್ನೆ ತಲೆಬಿಸಿ ಮಾಡಿಕೊಳ್ಳಬೇಡಿ.

ದುಡ್ಡು ಕೇಳುವ ಕೆಳದರ್ಜೆಯ ಜೂನಿಯರ್ ಟೀಮುಗಳ ಬಗ್ಗೆ ಮಾತ್ರ ಹುಷಾರು. ನನಗೆ ಗೊತ್ತಿರುವ ಒಂದು ಮನೆಯವರು "ಪ್ರತಿ ವಾರ ಕಾಲೇಜ್ ಸ್ಕೌಟ್ ಬರುತ್ತಾರೆ" ಅನ್ನುವ ಮಾತು ನಂಬಿ ಸಾವಿರಾರು ಡಾಲರ್ ಕಟ್ಟಿದರು. ಮಗ ವರ್ಷವೆಲ್ಲ ಬೆಂಚಿನಲ್ಲಿ ಕೂತ. ಆ ಹುಡುಗನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಹೋದ ಮೂರು ವರ್ಷದಲ್ಲಿ ನಿಮ್ಮಲ್ಲಿಂದ ಯಾವ ಹುಡುಗ ಯಾವ ಕಾಲೇಜಿಗೆ ಹೋದ, ಅಲ್ಲಿ ಎಷ್ಟು ಪಂದ್ಯ ಆಡಿದ? ಹೆಸರು ಕೊಟ್ಟರೆ ಮನೆಗೆ ಬಂದು ಒಂದೊಂದಾಗಿ ಹುಡುಕಿ ನೋಡಿ. ಹೆಸರು ಕೊಡದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಮತ್ತೆ, ದೊಡ್ಡ ಲೀಗಿನ ಬೆಂಚೋ ಸಣ್ಣ ಲೀಗಿನ ಮೊದಲ ಲೈನೋ ಅಂತ ಕೇಳುತ್ತೀರಿ. 16-17ನೇ ವಯಸ್ಸಿಗೆ ಆಟ ಸಿಗುವ ಕಡೆ ಕಳಿಸಿ. 19ಕ್ಕೆ ಆದರೆ ಕಷ್ಟದ ಲೀಗೇ ಸರಿ, ಮೂರನೇ ಲೈನ್ ಆದರೂ ಪರವಾಗಿಲ್ಲ, ಯಾಕಂದ್ರೆ ಆ ಹೊತ್ತಿಗೆ ಕೋಚುಗಳು ನೋಡುವುದು ಅವನು ಯಾರ ಎದುರು ಆಡುತ್ತಿದ್ದಾನೆ ಅನ್ನುವುದನ್ನು.

ಡಿಯರ್‌ಫೀಲ್ಡ್‌ನಲ್ಲಿ ನೋಡಿದ ಆ ಸಣಕಲು ಡಿಫೆನ್ಸ್ ಹುಡುಗನಿಗೆ ಆಗ 16 ವರ್ಷ 4 ತಿಂಗಳು, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಆ ಸೀಸನ್‌ನಲ್ಲಿ ಅವನದು ಬರೀ 9 ಪಾಯಿಂಟ್. ಈಗ ಜೂನಿಯರ್ ಆಡಲು ಹೋಗಿದ್ದಾನೆ. ಅವನ ಪಂದ್ಯವನ್ನು ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡಾಗಲೆಲ್ಲ ನಾನು ಮೊದಲು ಹುಡುಕುವುದು, ಮೂಲೆಗೆ ಓಡುವಾಗ ಭುಜದ ಮೇಲಿಂದ ಇನ್ನೂ ಎರಡು ಸಲ ನೋಡುತ್ತಾನಾ ಅಂತ. ಹೋದ ವಾರ ನೋಡಿದ.